ಹುಡುಕದೆ ಕಾಣದ ದೋಷ: ಕುಡಿಯುವ ನೀರಿನ ಪರೀಕ್ಷೆ ಮತ್ತು ಫ್ಲೋರೈಡ್‌ನ ಚರಿತ್ರೆ

ಪೀಠಿಕೆ

ತಿಳಿಯಾದ, ವಾಸನೆಯಿಲ್ಲದ, ಬಾಯಿಗೆ ಹಿತವಾದ ನೀರು ಕುಡಿಯಲು ಯೋಗ್ಯ ಎಂದು ಜನ ಬಹುಕಾಲ ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ಕಾಲರಾ ಆ ನಂಬಿಕೆಯನ್ನು ಮುರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಫ್ಲೋರೈಡ್ ಅದನ್ನು ಮತ್ತೊಮ್ಮೆ ಮುರಿಯಿತು. ಮೊದಲನೆಯದರಿಂದ ಕಲಿತ ಪಾಠ ಎರಡನೆಯದನ್ನು ಕಾಣಲು ನೆರವಾಗಲಿಲ್ಲ. ಪರೀಕ್ಷೆ ತಾನು ಹುಡುಕುವುದನ್ನಷ್ಟೇ ತೋರಿಸುತ್ತದೆ. ಏನನ್ನು ಹುಡುಕಬೇಕೆಂದು ಪ್ರಯೋಗಾಲಯಕ್ಕೆ ಮೊದಲು ಹೇಳಿದ್ದು ಆ ನೀರು ಕುಡಿದವರ ದೇಹ. ಈ ಲೇಖನ ಆ ಚರಿತ್ರೆಯನ್ನು ಅಮೆರಿಕದಿಂದ ದಖ್ಖನ್ನಿನವರೆಗೆ ಅನುಸರಿಸುತ್ತದೆ.

ರೋಗಾಣುವಿನ ಯುಗ

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ನೀರೇ ಕಾಲರಾ ಹರಡುತ್ತಿದೆಯೆಂದು ಜಾನ್ ಸ್ನೋ ವಾದಿಸಿದಾಗ, ನೀರಿನ ಪರೀಕ್ಷೆಯಿಂದ ಅವರಿಗೆ ನಿರ್ಣಾಯಕ ಬೆಂಬಲ ಸಿಗಲಿಲ್ಲ. ಯಾವ ಮನೆಯವರು ಆ ನೀರು ಕುಡಿದರು, ಯಾವ ಮನೆಯಲ್ಲಿ ಸಾವು ಸಂಭವಿಸಿತು ಎಂಬ ಲೆಕ್ಕವೇ ಅವರ ಸಾಕ್ಷ್ಯ. 1884ರಲ್ಲಿ ರಾಬರ್ಟ್ ಕೋಖ್ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ, ಅಲ್ಲಿನ ಕೆರೆಯ ನೀರಿನಲ್ಲೂ ಅದನ್ನು ಕಂಡರು. 1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗ್‌ನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಕಾಲರಾಕ್ಕೆ ಬಲಿಯಾದರು. ಅದೇ ನದಿಯ ಕೆಳಹರಿವಿನ ನೀರನ್ನು ಮರಳಿನಲ್ಲಿ ಸೋಸಿ ಬಳಸಿದ ನೆರೆಯ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಸೋಸಿದ ನೀರಿನ ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾ ನೂರನ್ನು ಮೀರಬಾರದೆಂಬ ಕೋಖ್ ಅವರ ಅಳತೆಗೋಲು ಈ ಅನುಭವದ ಹಿನ್ನೆಲೆಯಲ್ಲಿ ಬಳಕೆಗೆ ಬಂತು.

ಅಲ್ಲಿಂದ ಮುಂದೆ ಶುದ್ಧ ನೀರೆಂದರೆ ರೋಗಾಣುವಿಲ್ಲದ ನೀರು ಎಂಬ ಅರ್ಥ ಗಟ್ಟಿಯಾಯಿತು. ನೆಲದಾಳದ ನೀರು ಕಲ್ಲು ಮಣ್ಣಿನ ಪದರಗಳಲ್ಲಿ ಸೋಸಿ ಬರುವುದರಿಂದ ಅದೇ ಎಲ್ಲಕ್ಕಿಂತ ಸುರಕ್ಷಿತ ಎಂಬ ತೀರ್ಮಾನವೂ ಜೊತೆಗೇ ಬೆಳೆಯಿತು.

ಹಲ್ಲಿನ ಕಲೆಯಿಂದ ಫ್ಲೋರೈಡ್‌ಗೆ

1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡರು. ನೀರಿನಲ್ಲೇ ಏನೋ ಇದೆಯೆಂಬ ಅವರ ಅನುಮಾನ ಬಲವಾಗುತ್ತ ಹೋಯಿತು. ಅರ್ಕಾನ್ಸಾಸ್‌ನ ಬಾಕ್ಸೈಟ್ ಎಂಬ ಗಣಿ ಊರಿನಲ್ಲೂ ಇದೇ ಕಲೆ ಇತ್ತು. 1909ರಲ್ಲಿ ಆಳದ ಬಾವಿಗಳ ನೀರು ಬಂದ ಮೇಲೆ ಬೆಳೆದ ಮಕ್ಕಳಲ್ಲಿ ಅದು ಕಾಣಿಸಿಕೊಂಡಿತ್ತು. ಆದರೆ ಅಂದಿನ ವಾಡಿಕೆಯ ನೀರಿನ ವಿಶ್ಲೇಷಣೆಯಲ್ಲಿ ಯಾವ ದೋಷವೂ ಸಿಗಲಿಲ್ಲ.

1931ರಲ್ಲಿ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್, ಕಲೆಯ ದೂರು ಅಲ್ಯೂಮಿನಿಯಂ ಮೇಲೆ ಬಂದೀತೆಂಬ ಆತಂಕದಿಂದ ಬಾಕ್ಸೈಟ್ ಊರಿನ ನೀರನ್ನು ಸ್ಪೆಕ್ಟ್ರೋಗ್ರಾಫ್‌ಗೆ ಒಡ್ಡಿಸಿದರು. ಸಿಕ್ಕಿದ್ದು ಯಾರೂ ನಿರೀಕ್ಷಿಸದ ಫ್ಲೋರೈಡ್, ಲೀಟರಿಗೆ 13 ಮಿಲಿಗ್ರಾಂಗೂ ಹೆಚ್ಚು. ಎರಡು ದಶಕಗಳಿಗೂ ಮೀರಿ ಮಕ್ಕಳ ಹಲ್ಲು ಹೇಳುತ್ತಿದ್ದುದನ್ನು ಉಪಕರಣ ಆಗ ಖಚಿತಪಡಿಸಿತು. ಆ ಬಳಿಕ ಟ್ರೆಂಡ್ಲಿ ಡೀನ್ ಊರೂರುಗಳ ಮಕ್ಕಳ ಹಲ್ಲುಗಳನ್ನೂ ನೀರನ್ನೂ ಜೋಡಿಸಿ ನೋಡಿ, ಲೀಟರಿಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿ ಕಲೆಯ ತೊಂದರೆ ಅಷ್ಟಾಗಿ ಇರುವುದಿಲ್ಲವೆಂದು ತೋರಿಸಿದರು.

ಈ ಅಂಕಿ ತಂಪು ದೇಶದ್ದು ಎಂಬುದನ್ನು ಮರೆಯಬಾರದು. 1957ರಲ್ಲಿ ಗ್ಯಾಲಗನ್ ಮತ್ತು ವರ್ಮಿಲಿಯನ್, ಸೆಕೆ ಹೆಚ್ಚಾದಷ್ಟೂ ಜನ ಹೆಚ್ಚು ನೀರು ಕುಡಿಯುವುದರಿಂದ ಮಿತಿ ಇಳಿಯಬೇಕೆಂದು ಲೆಕ್ಕ ಹಾಕಿಕೊಟ್ಟರು. ರಾಯಚೂರಿನ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರ ಮಟ್ಟಿಗೆ ಇದು ಬರಿಯ ಸೂತ್ರವಲ್ಲ. ನೀರಿನಲ್ಲಿ ಎಷ್ಟಿದೆ ಎನ್ನುವಷ್ಟೇ ದಿನಕ್ಕೆ ಎಷ್ಟು ಒಳಗೆ ಹೋಗುತ್ತದೆ ಎನ್ನುವುದೂ ಮುಖ್ಯ.

ನೆಲ್ಲೂರಿನ ಮೂಳೆಗಳು

ಭಾರತದಲ್ಲಿ ಈ ಪ್ರಶ್ನೆ ಹಲ್ಲಿಗಿಂತ ಭೀಕರವಾಗಿ ಎದುರಾಯಿತು. 1937ರಲ್ಲಿ ಎಚ್. ಇ. ಶಾರ್ಟ್, ಜಿ. ಆರ್. ಮೆಕ್‌ರಾಬರ್ಟ್, ಟಿ. ಡಬ್ಲ್ಯು. ಬರ್ನಾರ್ಡ್ ಮತ್ತು ಎ. ಎಸ್. ಮನ್ನಾಡಿ ನಾಯರ್, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಕಂಡ ರೋಗವನ್ನು ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ವರದಿ ಮಾಡಿದರು. ಬೆನ್ನುಮೂಳೆಯ ಕೀಲುಗಳು ಬೆಸೆದುಕೊಂಡು ಬಾಗಲಾಗದವರು, ಮೂಳೆ ಬೆಳೆದು ನರ ಒತ್ತಿ ನಡೆಯಲಾಗದವರು ಅಲ್ಲಿದ್ದರು. ಕಾರಣ ಕುಡಿಯುವ ನೀರಿನ ಫ್ಲೋರೈಡ್. ಇಲ್ಲೂ ಕ್ರಮ ಅದೇ: ಮೊದಲು ರೋಗಿ, ಆಮೇಲೆ ಎಕ್ಸ್‌ರೇ, ಕೊನೆಗೆ ನೀರಿನ ವಿಶ್ಲೇಷಣೆ.

ಕೊಳವೆಬಾವಿಯ ಎರಡು ಮುಖ

1960ರ ದಶಕದ ಕೊನೆಯ ಬರಗಾಲದ ನಂತರ ಯುನಿಸೆಫ್ ನೆರವಿನಿಂದ ಗಟ್ಟಿಕಲ್ಲು ಕೊರೆಯುವ ಯಂತ್ರಗಳು ಹಳ್ಳಿಗಳಿಗೆ ಬಂದವು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಕೈಪಂಪು ರೂಪುಗೊಂಡಿತು. ಇದರ ಉಪಕಾರ ದೊಡ್ಡದು. ಮೆಟ್ಟಿಲು ಬಾವಿಗಿಳಿದು ನೀರು ತುಂಬುವ ಊರುಗಳಲ್ಲಿ ಹರಡುತ್ತಿದ್ದ ನಾರುಹುಣ್ಣು, ಉತ್ತರ ಕರ್ನಾಟಕವೂ ಸೇರಿ, ಇಲ್ಲವಾಗಲು ಸುರಕ್ಷಿತ ನೀರು ಮುಖ್ಯ ಕಾರಣ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು.

ಆದರೆ ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ರಾಯಚೂರು, ಗದಗ ಮೊದಲಾದ ಒಣ ಜಿಲ್ಲೆಗಳಲ್ಲಿ ಹೊಸ ಬಾವಿ ಮುಟ್ಟಿದ್ದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳನ್ನು. ಈ ಶಿಲೆಗಳಲ್ಲಿ ಫ್ಲೋರೈಡ್ ಹೊತ್ತ ಬಯೋಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿವೆ. ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇರುವ ನೀರು ಅಲ್ಲಿ ದೀರ್ಘಕಾಲ ನಿಂತರೆ ಫ್ಲೋರೈಡ್ ಕರಗಿ ಏರುತ್ತದೆ. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ರೋಗಾಣುವಿಗೆ ಪರಿಹಾರವಾಗಿ ಬಂದ ಬಾವಿ, ರೋಗಾಣು ಪರೀಕ್ಷೆಗೆ ಸಿಗದ ಅಪಾಯವನ್ನೂ ತಂದಿತು. 1973ರಲ್ಲಿ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಫ್ಲೋರೈಡ್ ಪೀಡಿತ ಪ್ರದೇಶದ ಎಳೆಯರಲ್ಲಿ ಮೊಣಕಾಲು ಒಳಬಾಗುವ ರೋಗವನ್ನು ದಾಖಲಿಸಿದರು.

ಅಳೆಯುವ ವಿದ್ಯೆ

ಫ್ಲೋರೈಡ್ ಅಳೆಯುವ ಮೊದಲ ಸರಳ ಕ್ರಮಗಳು ಬಣ್ಣವನ್ನು ನೆಚ್ಚಿದ್ದವು. ಜಿರ್ಕೋನಿಯಂ ಬೆರೆಸಿದ ಕೆಂಪು ದ್ರಾವಣಕ್ಕೆ ನೀರು ಹಾಕಿದರೆ, ಫ್ಲೋರೈಡ್ ಜಿರ್ಕೋನಿಯಂ ಅನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಬಣ್ಣ ಬದಲಾಗುತ್ತದೆ. ಬದಲಾವಣೆಯ ಮಟ್ಟವೇ ಪ್ರಮಾಣದ ಸೂಚಕ. ಇಂದು ಹಳ್ಳಿಗೆ ಒಯ್ಯುವ ಕಿಟ್‌ಗಳಲ್ಲೂ ಈ ತತ್ತ್ವ ಬಳಕೆಯಲ್ಲಿದೆ. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಪ್ರಕಟಿಸಿದ ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಪ್ರಯೋಗಾಲಯದ ಅಳತೆಯನ್ನು ಚುರುಕುಗೊಳಿಸಿತು.

ಆದರೂ ಅಂಕಿ ತಾನಾಗಿ ಸತ್ಯ ಹೇಳುವುದಿಲ್ಲ. ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಫ್ಲೋರೈಡ್ ತೆಗೆಯಲು ಆಲಂ ಮತ್ತು ಸುಣ್ಣ ಬಳಸುತ್ತಾರೆ. ನೀರಿನಲ್ಲುಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ಕಟ್ಟಿಹಾಕಿದರೆ ಎಲೆಕ್ಟ್ರೋಡ್‌ಗೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸರಿಯಾದ ಬಫರ್ ಬೆರೆಸದೆ ಅಳೆದ ವರದಿಯಲ್ಲಿ ಘಟಕ ಯಶಸ್ವಿಯೆಂದೇ ಬರುತ್ತದೆ. ಮಾದರಿಯನ್ನು ಎಲ್ಲಿಂದ, ಯಾವಾಗ ತೆಗೆದರು ಎನ್ನುವುದೂ ಅಷ್ಟೇ ನಿರ್ಣಾಯಕ. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಒಂದೇ ಆಗಿರಬೇಕಿಲ್ಲ. ಮಳೆಗಾಲದ ಪ್ರಮಾಣ ಬೇಸಿಗೆಯಲ್ಲಿ ಉಳಿಯಬೇಕಿಲ್ಲ.

ಇಂದಿನ ಭಾರತೀಯ ಮಾನಕ ಐಎಸ್ 10500, 2012ರ ಪರಿಷ್ಕರಣೆಯಂತೆ, ಫ್ಲೋರೈಡ್‌ಗೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ; ಬೇರೆ ಮೂಲವೇ ಇಲ್ಲದಿದ್ದರೆ 1.5. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೊಲೈ ಕಾಣಬಾರದು. ಒಂದನ್ನು ಅಳೆದು ಇನ್ನೊಂದನ್ನು ಬಿಡುವುದಕ್ಕೆ ಮಾನಕದಲ್ಲಿ ಅವಕಾಶವಿಲ್ಲ.

ಸಮಾರೋಪ: ಪರೀಕ್ಷೆ ಯಾರದು?

ಪರೀಕ್ಷೆಯನ್ನು ಊರಿಗೇ ಒಯ್ಯುವ ಆಲೋಚನೆಗೆ ಈ ದೇಶದಲ್ಲೇ ಬೇರಿದೆ. ಮಲಿನ ನೀರು ಬಾಟಲಿಯ ಕಾಗದವನ್ನು ಕಪ್ಪಾಗಿಸುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯನ್ನು 1982ರಲ್ಲಿ ಮಾಂಜಾ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ಅದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆ ಮಾಡಿದೆ. ಚರಿತ್ರೆಯ ದೃಷ್ಟಿಯಿಂದ ಇದು ಮಹತ್ವದ ತಿರುವು: ನೀರು ಕುಡಿದು ದೇಹದಲ್ಲಿ ಸಾಕ್ಷ್ಯ ಹೊತ್ತವರೇ ಈಗ ನೀರನ್ನು ಪ್ರಶ್ನಿಸಬಲ್ಲರು.

ಈ ತಿರುವು ಸಾರ್ಥಕವಾಗಲು ನಾಲ್ಕು ಕೆಲಸಗಳು ಆಗಲೇಬೇಕು. ಪ್ರತಿ ಮೂಲವನ್ನೂ ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಪರೀಕ್ಷಿಸಬೇಕು. ಕಿಟ್‌ನಲ್ಲಿ ಅನುಮಾನ ಬಂದ ಮಾದರಿ ಪ್ರಯೋಗಾಲಯ ತಲುಪಬೇಕು. ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಕೆಟ್ಟ ಮೂಲಕ್ಕೆ ಬದಲಿ ನೀರು ಯಾವಾಗ ಬರುತ್ತದೆಂಬ ದಿನಾಂಕವನ್ನೂ ಅಲ್ಲೇ ತಿಳಿಸಬೇಕು. ಬಾಕ್ಸೈಟ್‌ನಲ್ಲೂ ನೆಲ್ಲೂರಿನಲ್ಲೂ ರೋಗ ಮುಂದೆ ನಡೆದು ಪರೀಕ್ಷೆ ಹಿಂದೆ ಬಂತು. ಹಾಗೆ ಬಾಗಿದ ಮೂಳೆಯನ್ನು ಯಾವ ಶುದ್ಧ ನೀರೂ ನೇರಗೊಳಿಸಲಾರದು. ಆದ್ದರಿಂದ ಈ ಕ್ರಮವನ್ನು ತಿರುಗಿಸುವುದೇ ನೀರಿನ ಪರೀಕ್ಷೆಗಿರುವ ಮೊದಲ ಹೊಣೆ.