ಹಿಡಿಯುವುದು ತಿರುಪು, ತಡೆಯುವುದು ಬೇರೊಂದು

ಎಂಜಿನ್ ಬ್ಲಾಕಿಗೆ ತಿರುಪಿ ಕೂರಿಸಿದ ಬಿರಡೆಯ ಸುತ್ತ ಕೂಲೆಂಟ್ ಜಿನುಗಿದರೆ ಕೈ ಮೊದಲು ಹೋಗುವುದು ಸ್ಪ್ಯಾನರಿಗೆ. ಇನ್ನರ್ಧ ಸುತ್ತು ಬಿಗಿದರೆ ನಿಂತೀತು ಎಂಬ ನಂಬಿಕೆ. ನೀರನ್ನು ತಡೆಯುವುದು ಥ್ರೆಡ್ಡೇ ಎಂದುಕೊಂಡವರಿಗೆ ಮಾತ್ರ ಈ ನಂಬಿಕೆ ಸರಿ. ತಿರುಪಿನ ಇತಿಹಾಸ ಹೇಳುವುದೇ ಬೇರೆ. ಥ್ರೆಡ್ ಹುಟ್ಟಿದ್ದು ಹಿಡಿಯುವುದಕ್ಕೆ. ಸೋರಿಕೆ ತಡೆಯುವ ಕೆಲಸವನ್ನು ಬಹುಮಟ್ಟಿಗೆ ಮತ್ತೊಂದು ವಸ್ತುವೇ ಮಾಡಿಕೊಂಡು ಬಂದಿದೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನಲ್ಲಿ 55 ಡಿಗ್ರಿಯ ಥ್ರೆಡ್ಡನ್ನೂ 1864ರಲ್ಲಿ ವಿಲಿಯಂ ಸೆಲ್ಲರ್ಸ್ ಅಮೆರಿಕದಲ್ಲಿ 60 ಡಿಗ್ರಿಯದನ್ನೂ ಮುಂದಿಟ್ಟಾಗ ಅವರ ಎದುರಿಗಿದ್ದ ಸಮಸ್ಯೆ ಒಂದೇ: ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುತ್ತಿರಲಿಲ್ಲ. ಬೋಲ್ಟು ಸಲೀಸಾಗಿ ತಿರುಗಬೇಕಾದರೆ ಎರಡರ ನಡುವೆ ಒಂದಿಷ್ಟು ಸಡಿಲ ಬೇಕೇ ಬೇಕು. ಆ ಸಡಿಲವೇ ಸುತ್ತುಸುತ್ತಾಗಿ ಹೊರಗೆ ಸಾಗುವ ಸಣ್ಣ ಕಾಲುವೆ. ಎಷ್ಟೇ ಬಿಗಿದರೂ ಥ್ರೆಡ್ಡಿನ ಒಂದು ಮೈ ಒತ್ತಿಕೊಳ್ಳುತ್ತದೆ, ಇನ್ನೊಂದು ಮೈಯ ಸಂದು ಹಾಗೇ ಉಳಿಯುತ್ತದೆ.

ಇದಕ್ಕೆ ಎದುರಾಗಿ ಪೈಪಿನ ಓರೆ ಥ್ರೆಡ್ಡನ್ನು ತೋರಿಸಬಹುದು. ಫಿಲಡೆಲ್ಫಿಯಾದ ರಾಬರ್ಟ್ ಬ್ರಿಗ್ಸ್ ರೂಪಿಸಿ, 1886ರಲ್ಲಿ ಅಮೆರಿಕದ ಮಾನಕವಾದ ಈ ಥ್ರೆಡ್ಡಿನ ವ್ಯಾಸ 16 ಇಂಚು ಉದ್ದಕ್ಕೆ 1 ಇಂಚು ಕಿರಿದಾಗುತ್ತದೆ. ತಿರುಪಿದಷ್ಟೂ ಬೆಣೆಯಂತೆ ಬಿಗಿಯುವುದರಿಂದ ಇಲ್ಲಿ ಥ್ರೆಡ್ಡೇ ಸೋರಿಕೆ ತಡೆಯುವಂತೆ ಕಾಣುತ್ತದೆ. ಆದರೆ ಬಿಗಿಯುವುದು ಇಕ್ಕೆಲಗಳು; ಶಿಖರ ಮತ್ತು ತಳದ ನಡುವೆ ಸಂದು ಉಳಿಯಬಹುದು. ಆದ್ದರಿಂದಲೇ ಪೈಪಿನ ಕೆಲಸದವರು ಇದಕ್ಕೂ ಸೆಣಬಿನ ನಾರು ಸುತ್ತಿ, ಅಗಸೆ ಎಣ್ಣೆಯಲ್ಲಿ ಕಲಸಿದ ಸೀಸದ ಸಿಂಧೂರ ಮೆತ್ತುತ್ತಿದ್ದರು. ಆ ಸಂದನ್ನು ಮುಚ್ಚಲೆಂದೇ ಮುಂದೆ ಇನ್ನೂ ಕರಾರುವಾಕ್ಕಾದ ಮತ್ತೊಂದು ಬಗೆಯ ಓರೆ ಥ್ರೆಡ್ಡನ್ನು ರೂಪಿಸಬೇಕಾಯಿತು. ಓರೆ ಥ್ರೆಡ್ಡೊಂದೇ ಸಾಕಾಗಿದ್ದರೆ ಈ ಪಾಡು ಯಾಕೆ?

ಎಂಜಿನ್ನಿನ ಬ್ಲಾಕ್ ಬಂದ ಮೇಲೆ ಈ ಮಾತು ಇನ್ನೂ ಸ್ಪಷ್ಟವಾಯಿತು. ಸಿಲಿಂಡರುಗಳ ಸುತ್ತ ನೀರು ಓಡಾಡುವ ಪೊಳ್ಳು ಬೇಕೆಂದರೆ ಎರಕದೊಳಗೆ ಮರಳಿನ ತಿರುಳನ್ನು ಇಟ್ಟು, ಎರಕ ಆರಿದ ಮೇಲೆ ಆ ಮರಳನ್ನು ಹೊರಗೆ ತೆಗೆಯಬೇಕು. ಅದಕ್ಕೆಂದು ಬಿಟ್ಟ ತೂತುಗಳನ್ನು ಮೊದಮೊದಲು ತಿರುಪಿನ ಪೈಪ್ ಬಿರಡೆಗಳಿಂದಲೇ ಮುಚ್ಚುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಿಷಿಗನ್‌ನ ವೆಲ್ಚ್ ಕಾರ್ ಕಂಪನಿಯ ಸೋದರರಲ್ಲಿ ಒಬ್ಬರು, ದಾರಿಯಲ್ಲಿ ಬಿರಡೆ ಕಳಚಿಕೊಂಡಾಗ ಅರ್ಧ ಡಾಲರ್ ನಾಣ್ಯವನ್ನೇ ತೂತಿಗೆ ಬಡಿದು ಕೂರಿಸಿದರೆಂಬ ಕಥೆಯೊಂದಿದೆ. ಕಥೆ ಹೇಗೇ ಇರಲಿ, ಅವರ ಹೆಸರು ಹೊತ್ತ ಉಬ್ಬುಬಿಲ್ಲೆ ಮಾತ್ರ ನಿಜ: ಸುತ್ತಿಗೆಯ ಪೆಟ್ಟಿಗೆ ಚಪ್ಪಟೆಯಾಗುತ್ತಾ ಅಗಲಿಸಿ, ತೂತಿನ ಗೋಡೆಗೆ ಸುತ್ತಲೂ ಒತ್ತಿಕೊಳ್ಳುತ್ತದೆ. ಬಿಚ್ಚುವ ಅಗತ್ಯವಿಲ್ಲದ ಕಡೆ ತಯಾರಕರು ಥ್ರೆಡ್ಡನ್ನೇ ಕೈಬಿಟ್ಟರು. ನೀರು ಬಸಿಯುವ ಬಿರಡೆ, ತಾಪಮಾನದ ಸೆನ್ಸರ್ ಮುಂತಾಗಿ ಆಗಾಗ ಕಳಚಬೇಕಾದ ಕಡೆ ಮಾತ್ರ ಅದನ್ನು ಉಳಿಸಿಕೊಂಡರು. 1955ರ ಷೆವರ್ಲೆ ವಿ-8 ಎಂಜಿನ್ನಿನಲ್ಲಿ ಹೆಡ್ ಬೋಲ್ಟಿನ ತೂತುಗಳೇ ನೀರಿನ ಪೊಳ್ಳಿಗೆ ತೆರೆದುಕೊಂಡಿವೆ. ಹೆಡ್ಡನ್ನು ಹಿಡಿಯುವಷ್ಟು ಬಿಗಿದ ಆ ಬೋಲ್ಟುಗಳಿಗೂ ಥ್ರೆಡ್ಡಿನ ಮೇಲೆ ಸೀಲೆಂಟ್ ಹಚ್ಚಲೇಬೇಕು. ಬಿಗಿತವೇ ಸೋರಿಕೆಗೆ ಮದ್ದಾಗಿದ್ದರೆ ಅವಕ್ಕೆ ಸೀಲೆಂಟಿನ ಹಂಗೇ ಇರುತ್ತಿರಲಿಲ್ಲ.

ಹಳೆಯ ಎಂಜಿನ್ನುಗಳು ಇಷ್ಟೆಲ್ಲ ಉಪಚಾರವಿಲ್ಲದೆ ಓಡಲಿಲ್ಲವೇ ಎಂದು ಕೇಳಬಹುದು. ಓಡಿದವು, ಏಕೆಂದರೆ ಎರಕದ ಕಬ್ಬಿಣಕ್ಕೆ ತುಕ್ಕು ಎಂಬ ಸಂಬಳವಿಲ್ಲದ ಆಳು ಇತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸಂದು ತುಂಬುತ್ತದೆ. ಕಬ್ಬಿಣದ ಅರಪುಡಿಗೆ ನವಸಾಗರ, ಗಂಧಕ ಬೆರೆಸಿ, ಬೇಕೆಂದೇ ತುಕ್ಕು ಹಿಡಿಸಿ ಪೈಪುಗಳನ್ನು ಬೆಸೆಯುತ್ತಿದ್ದ ಉಗಿಯಂತ್ರದ ಕಾಲದವರು ಈ ಗುಟ್ಟನ್ನು ಬಲ್ಲರು. 1920ರ ದಶಕದ ಕೊನೆಯಿಂದ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಬಂತು. ಅದರೊಂದಿಗೆ ಬೆರೆಸಿದ ತುಕ್ಕುನಿರೋಧಕ ಆ ಆಳನ್ನು ಮನೆಗೆ ಕಳಿಸಿತು. ನೀರನ್ನು ಒತ್ತಡದಲ್ಲಿಡುವ ರೇಡಿಯೇಟರ್ ಮುಚ್ಚಳ ಸಂದಿನ ಮೇಲಿನ ಭಾರ ಹೆಚ್ಚಿಸಿತು. ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಅಲ್ಯೂಮಿನಿಯಂ ಬ್ಲಾಕು ಬಂದು, ಬಿಸಿ-ತಂಪಿನ ಪ್ರತಿ ಸರದಿಯಲ್ಲೂ ಉಕ್ಕಿನ ಬಿರಡೆಯ ಹಿಡಿತ ಏರುಪೇರಾಗತೊಡಗಿತು. ಸೀಸ ವಿಷವೆಂಬುದು ಒತ್ತಟ್ಟಿಗಿರಲಿ, ಎಣ್ಣೆ ಒಣಗಿ ಗಡುಸಾಗುವ ಹಳೆಯ ಲೇಪ ಈ ಜಗ್ಗಾಟಕ್ಕೆ ಬಿರುಕು ಬಿಡುತ್ತದೆ.

ಹೊಸ ಕಾಲ ಎರಡು ಉತ್ತರ ಕೊಟ್ಟಿತು. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡ ಪಿಟಿಎಫ್‌ಇ ಮುಂದೆ ನಮ್ಮ ನಲ್ಲಿ ರಿಪೇರಿಯವರ ಜೇಬಿನ ಟೆಫ್ಲಾನ್ ಟೇಪಾಯಿತು. 1953ರಲ್ಲಿ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ವರ್ನನ್ ಕ್ರೀಬಲ್ ರೂಪಿಸಿದ ದ್ರವವಂತೂ ಸಂದಿನ ಸ್ವಭಾವವನ್ನೇ ಬಳಸಿಕೊಂಡಿತು: ಬಾಟಲಿಯೊಳಗೆ ಗಾಳಿ ಇರುವ ತನಕ ದ್ರವ, ಲೋಹಗಳ ನಡುವೆ ಗಾಳಿ ಸಿಗದಾಗ ಘನ. ಟೇಪು ಅಗ್ಗ, ಅದೇ ಸಾಕು ಎನ್ನುವವರ ಮಾತು ಮನೆಯ ನಲ್ಲಿಗೆ ಸರಿ. ಬ್ಲಾಕಿನಲ್ಲಿ ಮಾತ್ರ ಎಚ್ಚರ ಬೇಕು: ಟೇಪಿನ ಚೂರು ಕಿತ್ತು ಕೂಲೆಂಟಿನ ದಾರಿಗೆ ಬೀಳಬಹುದು, ಅದರ ಜಾರುಗುಣ ಬಿರಡೆಯನ್ನು ಅತಿಯಾಗಿ ಬಿಗಿಯುವಂತೆ ಮಾಡಬಹುದು. ಓರೆ ಬಿರಡೆ ಬೆಣೆಯಾದ್ದರಿಂದ ಅತಿ ಬಿಗಿತಕ್ಕೆ ಎರಕವೇ ಸೀಳೀತು. ಹಾಗಾಗಿ ಜಿನುಗುವ ಬಿರಡೆಗೆ ಬೇಕಾದದ್ದು ಇನ್ನರ್ಧ ಸುತ್ತಲ್ಲ. ಎಂಜಿನ್ ಆರಿದ ಮೇಲೆ ಕೂಲೆಂಟ್ ಬಸಿದು, ಬಿರಡೆ ಬಿಚ್ಚಿ, ಎರಡೂ ಥ್ರೆಡ್ಡುಗಳ ಹಳೆಯ ಲೇಪ, ತುಕ್ಕು, ಜಿಡ್ಡು ತೆಗೆದು, ಒಣಗಿಸಿ, ಹೊಸ ಸೀಲೆಂಟ್ ಹಚ್ಚಿ, ತಯಾರಕರು ಹೇಳಿದಷ್ಟೇ ಬಿಗಿದು, ಅದು ಗಟ್ಟಿಯಾಗುವ ತನಕ ಕಾಯಬೇಕು. ಈ ಕೆಲಸದಲ್ಲಿ ಸ್ಪ್ಯಾನರಿನ ಪಾಲು ಚಿಕ್ಕದು. ಹೆಚ್ಚಿನದೆಲ್ಲ ಒರೆಸುವ ಬಟ್ಟೆಯದು, ಕಾಯುವ ತಾಳ್ಮೆಯದು.