ರಬ್ಬರಿನ ಎಳೆಯೂ ವೇಕ್‌ಫೀಲ್ಡ್ ಬಟ್ಟಲೂ

ವಿಮಾನದ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ನಾವು ಸಾಮಾನ್ಯವಾಗಿ 1903ರಿಂದ ಮೊದಲುಮಾಡುತ್ತೇವೆ. ಆ ವರ್ಷ ಡಿಸೆಂಬರ್ 17ರಂದು ಅಮೆರಿಕದ ಕಿಟಿಹಾಕ್ ಬಳಿಯ ಮರಳುದಿಣ್ಣೆಗಳಲ್ಲಿ ರೈಟ್ ಸೋದರರು ಹಾರಿದರೆಂಬಲ್ಲಿಗೆ ಪಾಠವು ಮುಗಿಯುತ್ತದೆ. ಆದರೆ ಅದಕ್ಕೆ 32 ವರ್ಷ ಮೊದಲೇ ಒಂದು ಮೊಳದಗಲದ ರೆಕ್ಕೆಯ ಪುಟ್ಟ ವಿಮಾನವೊಂದು, ಮನುಷ್ಯನ ಹಂಗಿಲ್ಲದೆ, ತನ್ನ ಶಕ್ತಿಯಿಂದಲೇ ಹಾರಿ ಸುರಕ್ಷಿತವಾಗಿ ನೆಲಕ್ಕಿಳಿದಿತ್ತು. ತಿರುಚಿದ ರಬ್ಬರಿನ ಎಳೆಯೇ ಅದರ ಯಂತ್ರ. ಅಂತಹ ವಿಮಾನಗಳ ಪಂದ್ಯಗಳು ಇಂದಿಗೂ ನಡೆಯುತ್ತಿವೆ. ಅವುಗಳ ಚರಿತ್ರೆಯಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಗಮನಿಸತಕ್ಕ ಸಂಗತಿಯೊಂದಿರುವುದರಿಂದ ಅದನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇವೆ.

ಆ ಮೊದಲ ವಿಮಾನವನ್ನು ರಚಿಸಿದವನು ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ. ಇವನು 1850ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದನು. ತಂದೆ ನೌಕಾಪಡೆಯ ಹಿರಿಯ ಅಧಿಕಾರಿ. ಮಗನಿಗೂ ಅದೇ ಹಂಬಲವಿದ್ದರೂ ಸೊಂಟದ ಕೀಲಿನ ರೋಗದಿಂದಾಗಿ ಆ ಬಾಗಿಲು ಮುಚ್ಚಿತು. ಆಗ ಅವನ ಮನಸ್ಸು ಆಕಾಶದ ಕಡೆಗೆ ಹರಿಯಿತು. ಉಕ್ಕಿನ ಸುರುಳಿಗಿಂತ ತಿರುಚಿದ ರಬ್ಬರು ಹಗುರವೆಂಬುದನ್ನೂ, ಕಡಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಕೂಡಿಡುತ್ತದೆಂಬುದನ್ನೂ ಅವನು ಕಂಡುಕೊಂಡನು. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ತುಯಿಲರಿ ಉದ್ಯಾನದಲ್ಲಿ, ವಾಯುಯಾನ ಸಂಘದ ಸದಸ್ಯರ ಮುಂದೆ, ಅವನ 'ಪ್ಲಾನೊಫೋರ್' ಸುಮಾರು 11 ಸೆಕೆಂಡುಗಳ ಕಾಲ ಹಾರಿತು. ಅದರ ತೂಕ ಕೇವಲ 16 ಗ್ರಾಂ.

ಹಾರಿದ್ದಕ್ಕಿಂತಲೂ ಓಲಾಡದೆ ಹಾರಿದ್ದು ಮಹತ್ತ್ವದ ವಿಷಯ. ಪೆನೋ ಬಾಲದ ಹಲಗೆಯನ್ನು ರೆಕ್ಕೆಗಿಂತ ತುಸು ಕೆಳಮುಖವಾದ ಕೋನದಲ್ಲಿ ಇಟ್ಟಿದ್ದನು. ಮೂತಿ ತಗ್ಗಿದರೆ ವೇಗವೇರುತ್ತದೆ. ವೇಗವೇರಿದರೆ ಗಾಳಿಯು ಬಾಲವನ್ನು ಕೆಳಕ್ಕೊತ್ತುತ್ತದೆ. ಮೂತಿ ತಾನಾಗಿಯೇ ಮೇಲೇಳುತ್ತದೆ. ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿದ್ದರಿಂದ ಪಕ್ಕಕ್ಕೆ ವಾಲುವುದೂ ತಪ್ಪಿತು. ಆದರೆ ದೊಡ್ಡ ವಿಮಾನ ಕಟ್ಟಲು ಅವನಿಗೆ ಧನಸಹಾಯ ದೊರೆಯಲಿಲ್ಲ. ಉಪೇಕ್ಷೆಯಿಂದ ನೊಂದು, 1880ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ತನ್ನ ಕೈಯಾರೆ ಪ್ರಾಣ ನೀಗಿದನು.

ಅವನ ಆಟಿಕೆ ಮಾತ್ರ ಸಮುದ್ರ ದಾಟಿತ್ತು. 1878ರಲ್ಲಿ ಅಮೆರಿಕದ ಪಾದ್ರಿ ಮಿಲ್ಟನ್ ರೈಟ್ ತನ್ನ ಮಕ್ಕಳಿಗೆಂದು, ಪೆನೋ ರೂಪಿಸಿದ ಬಗೆಯ, ರಬ್ಬರಿನಿಂದ ಮೇಲೇರುವ ಆಟಿಕೆಯೊಂದನ್ನು ತಂದನು. ಹಿರಿಯವನಾದ ವಿಲ್ಬರನಿಗೆ ಆಗ 11 ವರ್ಷ, ಆರ್ವಿಲನಿಗೆ 7. ಹುಡುಗರು ಅದನ್ನು 'ಬಾವಲಿ' ಎಂದು ಕರೆದು, ಮುರಿದುಹೋದ ಮೇಲೆ ತಾವೇ ಹೊಸದನ್ನು ಮಾಡಿದರು. ದೊಡ್ಡದಾಗಿ ಮಾಡಿದಷ್ಟೂ ಅದು ಚೆನ್ನಾಗಿ ಹಾರದಿರುವುದನ್ನು ಕಂಡು ಬೆರಗಾದರು. ಅವರ ಜಿಜ್ಞಾಸೆಗೆ ಆ ಆಟಿಕೆಯು ಒಂದು ಮೊದಲಾಯಿತು.

ಇನ್ನು ಪಂದ್ಯದ ವಿಚಾರ. ಲಂಡನ್ನಿನ ಎಣ್ಣೆ ವ್ಯಾಪಾರಿ ಸರ್ ಚಾರ್ಲ್ಸ್ ವೇಕ್‌ಫೀಲ್ಡ್ ಮಾದರಿ ವಿಮಾನಗಳಿಗಾಗಿ ಚಿನ್ನದ ಬಟ್ಟಲೊಂದನ್ನು ಬಹುಮಾನವಾಗಿಟ್ಟನು. 1911ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅದರ ಮೊದಲ ಪಂದ್ಯ ನಡೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಬಟ್ಟಲು ಕಣ್ಮರೆಯಾಯಿತು. ಅವನೇ ಕೊಟ್ಟ ಹೊಸ ಬಟ್ಟಲಿಗಾಗಿ 1928ರಿಂದ ಅಂತಾರಾಷ್ಟ್ರೀಯ ಪಂದ್ಯವು ಮತ್ತೆ ಆರಂಭವಾಯಿತು. 1930ರಲ್ಲಿ ಅಮೆರಿಕದ ಜೋ ಎರ್ಹಾರ್ಟ್ ಗೆದ್ದುದರಿಂದ ಬಟ್ಟಲು ಇಂಗ್ಲೆಂಡನ್ನು ಬಿಟ್ಟು ಹೊರಟಿತು; ಮುಂದೆ ಫ್ರಾನ್ಸ್, ಫಿನ್ಲೆಂಡ್, ಸ್ವೀಡನ್, ಆಸ್ಟ್ರೇಲಿಯಗಳವರೂ ಗೆದ್ದರು. ಫಿನ್ಲೆಂಡಿನ ಆರ್ನೆ ಎಲ್ಲಿಲಾ 1949ರಲ್ಲಿಯೂ 1950ರಲ್ಲಿಯೂ ಗೆದ್ದನು. ದೂರದೇಶಕ್ಕೆ ಹೋಗಲು ಹಣವಿಲ್ಲದವರು ತಮ್ಮ ವಿಮಾನವನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರೆ, ಅಲ್ಲಿನವರೊಬ್ಬರು ಅವರ ಪರವಾಗಿ ಹಾರಿಸುವ ಪದ್ಧತಿಯೂ ಆಗ ಇತ್ತು. ತಾವು ಕಾಣದ ಆ ಊರಿನವರ ನ್ಯಾಯಬುದ್ಧಿಯನ್ನು ನಂಬಿ ತಿಂಗಳುಗಟ್ಟಲೆಯ ದುಡಿಮೆಯನ್ನು ಒಪ್ಪಿಸುವುದು ಸಣ್ಣ ಮಾತಲ್ಲ.

ಈ ಹಾರಾಟವನ್ನು 'ಸ್ವತಂತ್ರ ಹಾರಾಟ'ವೆನ್ನುತ್ತಾರೆ. ರಬ್ಬರಿನ ಹಲವು ಎಳೆಗಳನ್ನು ಸೇರಿಸಿ, ಜಾರುವ ದ್ರವ್ಯ ಸವರಿ, ಉದ್ದಕ್ಕೆಳೆದು ನೂರಾರು ಸುತ್ತು ತಿರುಚುತ್ತಾರೆ. ಕೈಬಿಟ್ಟ ಮೇಲೆ ಅದರ ದಾರಿಯನ್ನು ತಿದ್ದುವಂತಿಲ್ಲ. ರಬ್ಬರು ಬಿಚ್ಚಿಕೊಳ್ಳುವ ತನಕ ವಿಮಾನವು ಏರುತ್ತದೆ. ಆ ಬಳಿಕ ಪ್ರೊಪೆಲ್ಲರಿನ ಅಲಗುಗಳು ಹಿಂದಕ್ಕೆ ಮಡಚಿಕೊಂಡು, ಹದ್ದಿನಂತೆ ತೇಲುತ್ತ ಇಳಿಯುತ್ತದೆ. ಯಾರ ವಿಮಾನ ಹೆಚ್ಚು ಹೊತ್ತು ಗಾಳಿಯಲ್ಲಿರುವುದೋ ಅವನಿಗೆ ಗೆಲವು.

ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿಯು ಮೇಲೇಳುವುದನ್ನು ನಮ್ಮ ಮಕ್ಕಳೂ ಬಲ್ಲರು. ರೆಕ್ಕೆ ಬಡಿಯದೆ ಹದ್ದು ಮೇಲೇರುವುದು ಅದರ ಆಸರೆಯಿಂದಲೇ. 1939ರಲ್ಲಿ ಅಮೆರಿಕದ ಡಿಕ್ ಕೋರ್ಡಾನ ವಿಮಾನವು ಅಂತಹ ಗಾಳಿಯಲ್ಲಿ ಸಿಲುಕಿ 43 ನಿಮಿಷಗಳಿಗೂ ಮೇಲ್ಪಟ್ಟು ಹಾರಿ ಬಟ್ಟಲನ್ನು ಗೆದ್ದುಕೊಟ್ಟಿತು. ಹೀಗೆ ಏರಿದ ವಿಮಾನಗಳು ಎಷ್ಟೋ ಸಲ ಕಣ್ಣಿಗೆ ಕಾಣದೆ ಹೋಗಿ ಕಳೆದುಹೋಗುತ್ತಿದ್ದವು. ಆದ್ದರಿಂದ ಮೆಲ್ಲಗೆ ಹೊಗೆಯಾಡುವ ನೂಲಿನ ಬತ್ತಿಯೊಂದನ್ನು ಬಾಲದ ಬಳಿ ಕಟ್ಟುವ ಉಪಾಯ ಬಂದಿತು. ಗೊತ್ತಾದ ವೇಳೆಗೆ ಬತ್ತಿಯು ಕಟ್ಟನ್ನು ಸುಡುತ್ತದೆ. ಬಾಲವು ಥಟ್ಟನೆ ಮೇಲಕ್ಕೆ ಬಾಗುತ್ತದೆ. ವಿಮಾನವು ಮುಂದೆ ಸಾಗದೆ ನೆಲಕ್ಕಿಳಿಯುತ್ತದೆ.

ಒಂದೇ ಅದೃಷ್ಟದ ಹಾರಾಟವು ಪಂದ್ಯವನ್ನು ನಿರ್ಣಯಿಸಬಾರದೆಂದು, ಮುಂದೆ ಪ್ರತಿಯೊಂದು ಹಾರಾಟಕ್ಕೂ ಕಾಲದ ಮಿತಿಯನ್ನು ಗೊತ್ತುಮಾಡಿದರು. ಅದಕ್ಕಿಂತ ದೊಡ್ಡ ಮಾರ್ಪಾಟು ರಬ್ಬರಿನ ತೂಕದಲ್ಲಾಯಿತು. ಮೂವತ್ತರ ದಶಕದ ಕೊನೆಗೆ ವಿಮಾನದ ತೂಕವು ಎಂಟು ಔನ್ಸಿಗೆ, ಎಂದರೆ ಸುಮಾರು 230 ಗ್ರಾಂಗೆ, ಕಡಮೆಯಿರಬಾರದೆಂದು ನಿಯಮವಿತ್ತು. ಅದರೊಳಗೆ ರಬ್ಬರು ಎಷ್ಟಿದ್ದರೂ ಸರಿ. ನಿಪುಣರು ಒಟ್ಟು ತೂಕದ ಸುಮಾರು ಅರ್ಧವನ್ನು ರಬ್ಬರಿಗೇ ಮೀಸಲಿಟ್ಟರು. ಐವತ್ತರ ದಶಕದಲ್ಲಿ ಅದನ್ನು ಮೊದಲು 80 ಗ್ರಾಂಗೆ, ಬಳಿಕ 50 ಗ್ರಾಂಗೆ ಇಳಿಸಲಾಯಿತು. ಮುಂದೆ 40, 35 ಆಗಿ, ಈಗ 30 ಗ್ರಾಂಗೆ ನಿಂತಿದೆ. ವಿಮಾನದ ಒಡಲು 200 ಗ್ರಾಂಗೆ ಕಡಮೆಯಿರಬಾರದು; ಆದ್ದರಿಂದ ಒಟ್ಟು ತೂಕವು ಹಳೆಯ ಎಂಟು ಔನ್ಸಿನಷ್ಟೇ ಉಳಿದಿದೆ, ಶಕ್ತಿ ಮಾತ್ರ ಬಹಳ ಕುಗ್ಗಿದೆ.

ಹಾಗಾದರೆ ಹಾರಾಟವೂ ಕುಗ್ಗಿತೇ? ಇಲ್ಲ. ಪ್ರತಿ ಸಲ ರಬ್ಬರನ್ನು ಕಡಮೆಮಾಡಿದಾಗಲೂ ಕಟ್ಟುವವರು ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನೂ ಅಲಗಿನ ಬಾಗನ್ನೂ ಮತ್ತೆ ಪರಿಶೀಲಿಸಿದರು. ಮೇಲೇಳುವ ಗಾಳಿಯನ್ನು ಮುಂಚಿತವಾಗಿ ಗುರುತಿಸಲು ಕಲಿತರು. ಇಂದಿನ ವಿಶ್ವಪಂದ್ಯಗಳಲ್ಲಿ ಎಲ್ಲ ಸುತ್ತುಗಳಲ್ಲಿಯೂ ಮೂರು ನಿಮಿಷಕ್ಕೆ ಕಡಮೆಯಾಗದೆ ಹಾರಿಸಿ ಸಮಸಮವಾಗಿ ನಿಲ್ಲುವವರು ಹಲವರು. ಅವರೊಳಗೆ ಇನ್ನೂ ದೀರ್ಘವಾದ ಹಾರಾಟಗಳಿಂದ ಗೆದ್ದವನನ್ನು ನಿರ್ಣಯಿಸಬೇಕಾಗುತ್ತದೆ. ನಿಯಮವು ಬಲವನ್ನು ಕಿತ್ತುಕೊಂಡ ಕಡೆಯಲ್ಲೆಲ್ಲ ತಿಳಿವಳಿಕೆಯು ಅದರ ಸ್ಥಾನವನ್ನು ತುಂಬಿದೆ. ಈ ಚರಿತ್ರೆಯಲ್ಲಿ ನಾವು ಗಮನಿಸತಕ್ಕದ್ದೆಂದುದು ಇದನ್ನೇ.

ಗಡಿನಾಡಿನ ನಮ್ಮ ಶಾಲೆಗಳಲ್ಲಿ ಉಪಕರಣಗಳು ಸಾಲವೆಂಬ ಮಾತು ಹೊಸದಲ್ಲ, ಸುಳ್ಳೂ ಅಲ್ಲ. ಅವು ಬೇಕೆಂದು ಕೇಳುವುದನ್ನು ನಾವು ಬಿಡಬಾರದು. ಪ್ರತಿಭೆಗೆ ಆಸರೆ ಸಿಗದಿದ್ದರೆ ಏನಾಗುವುದೆಂಬುದಕ್ಕೆ ಪೆನೋವಿನ ಬಾಳೇ ಸಾಕ್ಷಿ. ಆದರೆ ಅವು ಬರುವ ತನಕ ವಿಜ್ಞಾನದ ಪಾಠ ಕಾಯಬೇಕಾಗಿಲ್ಲ. ಸೀಳಿದ ಬಿದಿರು, ತೆಳುಕಾಗದ, ಅಂಟು, ನಾಲ್ಕು ರಬ್ಬರು ಎಳೆ ಇದ್ದರೆ ಏಳನೆಯ ತರಗತಿಯ ಮಕ್ಕಳು ಗುರುತ್ವಕೇಂದ್ರವನ್ನೂ ಗಾಳಿಯ ಒತ್ತಡವನ್ನೂ ಶಾಲೆಯ ಅಂಗಳದಲ್ಲಿಯೇ ಕಾಣಬಲ್ಲರು. ಮೊದಲ ವಿಮಾನ ಮೂಗು ಕುಟ್ಟಿ ಬೀಳಬಹುದು. ಏಕೆ ಬಿದ್ದಿತೆಂದು ಮಕ್ಕಳನ್ನು ಕೇಳೋಣ. ಬಾಲವನ್ನು ಕೂದಲೆಳೆಯಷ್ಟು ಬಾಗಿಸಿ ಮತ್ತೆ ಹಾರಿಸಲು ಅವರಿಗೇ ಬಿಡೋಣ.