ಒಂದು ಬೇರು, ಒಂದು ಬೀಜ

ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಬೇಲಿ ಪೊದೆಗಳನ್ನು ತಬ್ಬಿ ಹಬ್ಬುವ ನಸುಗುನ್ನಿಯ ಬಳ್ಳಿಯನ್ನರಿಯದ ಒಕ್ಕಲುಮಗನಿರಲಾರನು; ಅದರ ಕಾಯಿಯ ಮೇಲಣ ಕಂದು ರೋಮ ಮೈಗೆ ಸೋಕಿದರೆ ಹುಟ್ಟುವ ತುರಿಕೆ ಎಂಥದೆಂಬುದನ್ನು ದನಕಾಯುವ ಹುಡುಗರು ಒಬ್ಬರಿಗೊಬ್ಬರು ಧಾರಾಳವಾಗಿಯೇ ಕಲಿಸಿರುತ್ತಾರೆ. ಇಷ್ಟು ಅಪಕೀರ್ತಿಗೆ ಪಾತ್ರವಾದ ಬಳ್ಳಿಯ ಬೀಜವನ್ನೇ ಆಯುರ್ವೇದವು ಆತ್ಮಗುಪ್ತಾ, ಕಪಿಕಚ್ಛು ಎಂಬ ಹೆಸರುಗಳಿಂದ ಆದರಿಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಒಣಗಿಸಿ ಪುಡಿಮಾಡಿ, ವಾತವ್ಯಾಧಿಗಳಿಗೆ ಪ್ರಯೋಗಿಸುತ್ತ ಬಂದಿದೆ. ಅವುಗಳಲ್ಲೊಂದಾದ ಕಂಪವಾತವು 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ವರ್ಣಿಸಿದ ರೋಗವನ್ನು ಬಹುಮಟ್ಟಿಗೆ ಹೋಲುತ್ತದೆ.

ಆ ರೋಗ ಕಸಿದುಕೊಳ್ಳುವುದೇನೆಂಬುದನ್ನು ತಿಳಿಯಬೇಕಾದರೆ ರಬಕವಿ-ಬನಹಟ್ಟಿಯ ಕುಣಿಮಗ್ಗವೊಂದರ ಬಳಿ ಅರೆಗಳಿಗೆ ನಿಲ್ಲಬೇಕು. ಕಾಲು ಹಲಗೆ ತುಳಿಯುತ್ತದೆ, ಹಾಸಿನ ಎಳೆಗಳು ಬಾಯ್ದೆರೆಯುತ್ತವೆ, ಕೈ ಹಗ್ಗ ಜಗ್ಗುತ್ತದೆ, ಲಾಳಿ ಓಡುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗಲೂ ನೇಕಾರನು ಬಂದವರೊಡನೆ ನೂಲಿನ ಧಾರಣೆಯ ಮಾತಾಡುತ್ತಿರುತ್ತಾನೆ. ಗಮನವನ್ನು ಬೇಡದೆ ಸಾಗುವ ಇಂಥ ಚಲನೆಗೆ ಮಿದುಳಿನ ಆಳದ ಗಂಟುಗಳು ಆಧಾರ. ಅವುಗಳಿಗೆ ಡೋಪಮೈನ್ ಎಂಬ ದ್ರವ್ಯವನ್ನು ಒದಗಿಸುವ ಕೃಷ್ಣವರ್ಣದ ಜೀವಕೋಶಗಳು ಸವೆದಂತೆಲ್ಲ, ತೋಳಿನಲ್ಲಿ ಬಲವಿದ್ದೂ ಆರಂಭದ ಚಲನೆಯೇ ಹೊರಡದಂತಾಗುತ್ತದೆ. ಜನ ನಡುಕವನ್ನು ಕಂಡು ಮರುಗುತ್ತಾರೆ. ನನಗಾದರೋ ಈ ಜಡತೆಯೇ ಹೆಚ್ಚು ಕ್ರೂರವೆಂದು ತೋರುತ್ತದೆ.

ಇದರ ರಹಸ್ಯ ಬಿಚ್ಚಿದುದು ಮತ್ತೊಂದು ಭಾರತೀಯ ಮೂಲಿಕೆಯಿಂದ. ಉನ್ಮಾದಕ್ಕೆ ಮದ್ದಾಗಿದ್ದ ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ರೆಸರ್ಪೀನ್ ಎಂಬ ಸತ್ವವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೂ ಚಿತ್ತವಿಕಾರಕ್ಕೂ ಅದನ್ನು ಸೇವಿಸಿದವರಲ್ಲಿ ಕೆಲವರು ಕಂಪವಾತದ ರೋಗಿಗಳಂತೆಯೇ ಬಿಗಿದುಕೊಂಡುದು ಬೇಗನೆ ಕಂಡುಬಂದಿತು. ಇತ್ತ ನಸುಗುನ್ನಿಯ ಬೀಜದಲ್ಲಿ, ಡೋಪಮೈನಿನ ಪೂರ್ವದ್ರವ್ಯವಾದ ಎಲ್-ಡೋಪಾ ಇರುವುದನ್ನು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಷ್ಟು ಹಿಂದೆಯೇ ತೋರಿಸಿದ್ದರು. ಬೇರು, ಬೀಜಗಳೆರಡೂ ಒಂದೇ ಗ್ರಂಧಿಗೆ ಅಂಗಡಿಯ ಸರಕಾಗಿದ್ದರೂ, ಒಂದರ ಸತ್ವ ತಂದ ಜಡತೆಯನ್ನು ಮತ್ತೊಂದರ ಸತ್ವ ನೀಗಬಲ್ಲುದೆಂಬುದು ಸಿದ್ಧವಾದುದು ಸ್ವೀಡನ್ನಿನ ಲುಂಡ್ ನಗರದಲ್ಲಿ. 1957ರಲ್ಲಿ ಅರ್ವಿಡ್ ಕಾರ್ಲ್ಸನ್ ರೆಸರ್ಪೀನ್ ಚುಚ್ಚಿದ ಮೊಲಗಳು ಕಿವಿ ಜೋಲಿಸಿ, ಅಲುಗದೆ ಕುಸಿದು ಕುಳಿತವು. ಡೋಪಾ ಕೊಟ್ಟ ಕಾಲು ಗಂಟೆಯೊಳಗಾಗಿ ಕಿವಿ ನಿಮಿರಿಸಿ ಓಡಾಡತೊಡಗಿದವು. ಮುಧೋಳದ ಬೇಟೆನಾಯಿ ಬೆನ್ನಟ್ಟಿದ ಮೊಲದ ನೆಗೆತವನ್ನು ಕಂಡ ನಮ್ಮ ಸೀಮೆಯವರಿಗೆ, ಮೊಲವೊಂದು ಹಾಗೆ ಮುದ್ದೆಯಾಗಿ ಕುಳಿತಿರುವುದರ ಅಸಹಜತೆಯನ್ನು ವಿವರಿಸಬೇಕಿಲ್ಲ.

ಕಾರ್ಲ್ಸನ್ ಕೊಟ್ಟದ್ದು ಶುದ್ಧ ರಾಸಾಯನಿಕವೇ ಹೊರತು ಬೀಜದ ಪುಡಿಯಲ್ಲ. ಆದುದರಿಂದ ಎಲ್ಲವೂ ನಮ್ಮಲ್ಲೇ ಇತ್ತೆಂದು ಬೀಗುವವರ ಸಾಲಿನಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ. ವೈದ್ಯನು ರೋಗಿಯ ಉಪಶಮನವನ್ನು ಬಯಸಿದನು. ರೋಗವನ್ನೇ ಪ್ರಾಣಿಯಲ್ಲಿ ನಿರ್ಮಿಸಿ ನೋಡುವ ನಿಷ್ಠುರ ಕ್ರಮ ಅವನದಾಗಿರಲಿಲ್ಲ. ಆ ಕ್ರಮವೇ ಮುಂದೆ ಬೆಳೆದು, ಮಿದುಳಿನ ಒಂದೇ ಪಾರ್ಶ್ವ ಕೆಟ್ಟ ಇಲಿ ವೃತ್ತಾಕಾರವಾಗಿ ತಿರುಗುವುದನ್ನು ಎಣಿಸಿತು. 1990ರಲ್ಲಿ ಅಮೆರಿಕದ ವಿಜ್ಞಾನಿಗಳು ರೋಗಪೀಡಿತ ಕೋತಿಗಳ ಮಿದುಳಿನಲ್ಲಿ ಅತಿಯಾಗಿ ಮಿಡಿಯುತ್ತಿದ್ದ ಪುಟ್ಟ ಗಂಟೊಂದನ್ನು ನಾಶಗೊಳಿಸಿ, ಅವುಗಳ ಚಲನೆಯನ್ನು ಮರಳಿ ತಂದರು.

ಕರ್ನಾಟಕದ ಪಾಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಬೆಂಗಳೂರಿನ ಆಂಗ್ಲೋ-ಇಂಡಿಯನ್ನರಲ್ಲಿ ಈ ರೋಗ ಇತರರಿಗಿಂತ ವಿರಳವೆಂದು 2003ರಲ್ಲಿ ವರದಿಯಾಗಿತ್ತು. ಮಿಶ್ರ ರಕ್ತವೇ ರಕ್ಷೆಯೋ ಎಂಬುದನ್ನು ಪರೀಕ್ಷಿಸಲು ಅಲ್ಲಿನ ಸಂಶೋಧಕರು ಈ ರೋಗದಂಥ ಸ್ಥಿತಿಯನ್ನೇ ತರುವ ಎಂಪಿಟಿಪಿ ಎಂಬ ನಂಜಿಗೆ ಬೇಗ ಬಲಿಯಾಗುವ ಕಪ್ಪಿಲಿಯನ್ನೂ ಅದನ್ನು ತಡೆದುಕೊಳ್ಳುವ ಬಿಳಿಯಿಲಿಯನ್ನೂ ಕೂಡಿಸಿ ಸಂತಾನ ಪಡೆದರು. ಆ ಮಿಶ್ರ ಸಂತಾನದ ಮಿದುಳಿನ ವಿದ್ಯುತ್ ತರಂಗಗಳು ನಂಜಿಗೆ ಅಷ್ಟಾಗಿ ಕುಗ್ಗಲಿಲ್ಲ, ನಡಿಗೆಯೂ ಕೆಡಲಿಲ್ಲ. ಮದ್ದಿನ ಶೋಧ ಹೀಗೆ, ಕೆಲವರಿಗೆ ಮದ್ದೇ ಬೇಡವಾಗುವುದೇಕೆಂಬ ಪ್ರಶ್ನೆಯ ಕಡೆಗೆ ಹೊರಳಿದೆ.